ಕೊಡಗಿನಲ್ಲಿ ಟೆಂಟ್ ಹಾಕುವವರಿಗೆ, ಕ್ಯಾರವಾನ್ ತರುವವರಿಗೆ: ಬೆಂಕಿಯ ಬಗ್ಗೆ ಸಮಗ್ರ ಮಾರ್ಗದರ್ಶಿ

ಫೆಬ್ರವರಿ ಕೊನೆಯ ಒಂದು ಭಾನುವಾರ. ನಮ್ಮ ತೋಟದ ಮೇಲಿನ ಬಾಣೆಯಲ್ಲಿ, ಅಂದರೆ ಎತ್ತರದ ಹುಲ್ಲು ಜಾಗದಲ್ಲಿ, ಎರಡು ರಾತ್ರಿ ಟೆಂಟ್ ಹಾಕಿದ್ದ ಹುಡುಗರು ಬೆಳಗ್ಗೆ ಸಾಮಾನು ಕಟ್ಟಿಕೊಂಡು ಹೊರಟರು. ಒಳ್ಳೆಯ ಮಕ್ಕಳು. ಕಸವೆಲ್ಲ ಹೆಕ್ಕಿ ಚೀಲಕ್ಕೆ ತುಂಬಿದ್ದರು. ಬೆಂಕಿ ಹಾಕಿದ್ದ ಜಾಗಕ್ಕೆ ಎರಡು ಬಾಟಲಿ ನೀರು ಸುರಿದು ಮೇಲೆ ಮಣ್ಣು ಎಳೆದಿದ್ದರು. ಮಂಗಳವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಹೊಗೆ ವಾಸನೆ ಬಂತು. ಓಡಿ ಹೋಗಿ ನೋಡಿದರೆ ಬೆಂಕಿ ಹಾಕಿದ್ದ ಗುಂಡಿ ತಣ್ಣಗಿತ್ತು. ಅಲ್ಲಿಂದ ಹತ್ತು ಹನ್ನೆರಡು ಅಡಿ ಆಚೆ, ಸಿಲ್ವರ್ ಓಕ್ ಮರದ ಬುಡದಲ್ಲಿ ತರಗೆಲೆ ಉರಿಯುತ್ತಿತ್ತು. ಯಾವುದೋ ಕಾಲದಲ್ಲಿ ಕಡಿದ ಮರದ ಸತ್ತ ಬೇರು ಮಣ್ಣಿನಡಿ ಆ ಗುಂಡಿಯವರೆಗೂ ಬಂದಿತ್ತು. ಕೆಂಡ ಆ ಬೇರು ಹಿಡಿದು, ಎರಡು ದಿನ ಮಣ್ಣಿನೊಳಗೇ ನಡೆದು, ಇಲ್ಲಿ ಮೇಲೆದ್ದಿತ್ತು.

ಎಂಟು ಜನ ಹಸಿ ಸೊಪ್ಪು ಹಿಡಿದು ಎರಡು ಗಂಟೆ ಬಡಿದ ಮೇಲೆ ನಿಂತಿತು. ಗಾಳಿ ಜಾಸ್ತಿ ಇರಲಿಲ್ಲ, ಅದೇ ಪುಣ್ಯ. ಅವತ್ತಿನಿಂದ ನಮ್ಮಲ್ಲಿಗೆ ಟೆಂಟ್ ಹಾಕಲು ಬರುವವರಿಗೆಲ್ಲ ಕೂರಿಸಿ ಹೇಳುವ ಮಾತುಗಳನ್ನೇ ಇಲ್ಲಿ ಬರೆಯುತ್ತಿದ್ದೇನೆ. ಬೆಂಕಿ ಹಚ್ಚುವುದು ಎಲ್ಲರಿಗೂ ಗೊತ್ತು. ಆರಿಸುವುದು ಕಲಿಯಬೇಕಾದ ಕೆಲಸ.

ಹಂತ 1: ಯಾವಾಗ, ಎಲ್ಲಿ ಅಂತ ಮೊದಲು ನಿರ್ಧರಿಸಿ

ಕೊಡಗು ಅಂದರೆ ಮಳೆ, ಮಂಜು, ಹಸಿರು ಅಂತ ಹೊರಗಿನವರ ಕಣ್ಣಿಗೆ ಕಾಣುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ನಿಜ. ಆದರೆ ಜನವರಿ ದಾಟಿದರೆ ಇದೇ ಜಾಗ ಒಣಗಿ ಕರಕಲಾಗುತ್ತದೆ. ಸಿಲ್ವರ್ ಓಕ್ ಎಲೆ ಉದುರಿ ನೆಲ ಮುಚ್ಚಿರುತ್ತದೆ. ಬೆಟ್ಟದ ಮೇಲಿನ ಹುಲ್ಲು ಒಣಗಿ ನಿಂತಿರುತ್ತದೆ. ಕಾಡಂಚಿನಲ್ಲಿ ಲಂಟಾನ, ಒಣ ಬಿದಿರು. ಫೆಬ್ರವರಿಯಿಂದ ಏಪ್ರಿಲ್‌ವರೆಗೆ, ಕಾಫಿ ಹೂ ಅರಳಿಸುವ ಹೂ ಮಳೆ ಚೆನ್ನಾಗಿ ಬೀಳುವ ತನಕ, ಕಾಡ್ಗಿಚ್ಚಿನ ಭಯ ಜಾಸ್ತಿ. ಈ ತಿಂಗಳುಗಳಲ್ಲಿ ಬರುವುದಾದರೆ ಕ್ಯಾಂಪ್‌ಫೈರ್ ಆಸೆ ಬಿಟ್ಟೇ ಬನ್ನಿ. ಗ್ಯಾಸ್ ಸ್ಟೌವ್‌ನಲ್ಲಿ ಅಡುಗೆ, ಬ್ಯಾಟರಿ ಲೈಟಿನಲ್ಲಿ ಮಾತು. ಆಕಾಶ ಅಷ್ಟು ಸ್ವಚ್ಛವಾಗಿರುವ ರಾತ್ರಿಗಳಲ್ಲಿ ಬೆಂಕಿ ಇಲ್ಲದಿದ್ದರೆ ನಕ್ಷತ್ರ ಇನ್ನೂ ಚೆನ್ನಾಗಿ ಕಾಣುತ್ತವೆ.

ಇನ್ನು ಜಾಗ. ನಾಗರಹೊಳೆ ರಾಷ್ಟ್ರೀಯ ಉದ್ಯಾನ, ಬ್ರಹ್ಮಗಿರಿ, ಪುಷ್ಪಗಿರಿ, ತಲಕಾವೇರಿ ಅಭಯಾರಣ್ಯ, ಇವು ಯಾವುದರೊಳಗೂ ನಿಮ್ಮಿಷ್ಟಕ್ಕೆ ಟೆಂಟ್ ಹಾಕುವಂತಿಲ್ಲ, ಬೆಂಕಿ ಹಾಕುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮತ್ತು 1963ರ ಕರ್ನಾಟಕ ಅರಣ್ಯ ಕಾಯ್ದೆ ಎರಡರಲ್ಲೂ ಇದಕ್ಕೆ ಶಿಕ್ಷೆ ಇದೆ. ತಡಿಯಂಡಮೋಳ್, ಕುಮಾರಪರ್ವತದಂಥ ಬೆಟ್ಟ ಹತ್ತುವವರು ಮೊದಲೇ ಅರಣ್ಯ ಇಲಾಖೆಯಲ್ಲಿ ವಿಚಾರಿಸಿಕೊಳ್ಳಿ. ಬೇಸಿಗೆಯಲ್ಲಿ ಬೆಂಕಿಯ ಭಯಕ್ಕೆ ಚಾರಣದ ದಾರಿ ಮುಚ್ಚುವುದುಂಟು. ಮುಚ್ಚಿದ್ದರೆ ಯಾರೋ ಒಳದಾರಿ ತೋರಿಸುತ್ತೇನೆ ಅಂದರೂ ಹೋಗಬೇಡಿ. ಊರ ಪಕ್ಕದ ದೇವರಕಾಡು ನೋಡಲು ನೆರಳಾಗಿ, ಖಾಲಿಯಾಗಿ, ಟೆಂಟಿಗೆ ಹೇಳಿ ಮಾಡಿಸಿದ ಹಾಗೆ ಇರುತ್ತದೆ. ಅಲ್ಲಿ ನಾವು ಒಂದು ಒಣಕಡ್ಡಿಯನ್ನೂ ಎತ್ತುವುದಿಲ್ಲ. ನೀವೂ ಎತ್ತಬೇಡಿ.

ಉಳಿಯುವುದು ಖಾಸಗಿ ತೋಟ, ಹೋಂಸ್ಟೇ, ಅನುಮತಿ ಇರುವ ಕ್ಯಾಂಪಿಂಗ್ ಜಾಗ. ಬುಕ್ ಮಾಡುವಾಗಲೇ ಮೂರು ಪ್ರಶ್ನೆ ಕೇಳಿ: ಬೆಂಕಿ ಹಾಕಲು ಗೊತ್ತಾದ ಜಾಗ ಇದೆಯಾ? ಅದರ ಹತ್ತಿರ ನೀರಿನ ನಲ್ಲಿ ಇದೆಯಾ? ರಾತ್ರಿ ಏನಾದರೂ ಆದರೆ ಕೂಗಿದರೆ ಬರುವವರು ಯಾರು? ಮೂರಕ್ಕೂ ನೇರ ಉತ್ತರ ಬರದಿದ್ದರೆ ಬೇರೆ ಜಾಗ ನೋಡಿ.

ಹಂತ 2: ಟೆಂಟ್ ಹೊಡೆಯುವ ಮೊದಲು ನೆಲ ನೋಡಿ

ಇಳಿಜಾರಿನಲ್ಲಿ ಬೆಂಕಿ ಮೇಲಕ್ಕೆ ಓಡುತ್ತದೆ. ಜ್ವಾಲೆ ಮೇಲಿನ ಹುಲ್ಲನ್ನು ಮೊದಲೇ ಕಾಯಿಸಿ ಒಣಗಿಸಿ ಇಡುತ್ತದೆ, ಅದಕ್ಕೆ. ಇಳಿಜಾರು ಪ್ರತಿ 10 ಡಿಗ್ರಿ ಏರಿದಂತೆ ಬೆಂಕಿಯ ವೇಗ ಹೆಚ್ಚು ಕಡಿಮೆ ದುಪ್ಪಟ್ಟಾಗುತ್ತದೆ ಅನ್ನುವುದು ಕಾಡಿನ ಬೆಂಕಿ ಆರಿಸುವವರ ಲೆಕ್ಕ. ಕೊಡಗಿನಲ್ಲಿ ಸಮತಟ್ಟು ಜಾಗ ಅಪರೂಪ ಅಲ್ವಾ? ಆದ್ದರಿಂದ ಅಡುಗೆ ಮತ್ತು ಬೆಂಕಿಯ ಜಾಗ ಟೆಂಟಿಗಿಂತ ಕೆಳಗಿರಬಾರದು. ಒಂದೇ ಮಟ್ಟದಲ್ಲಿ, ಗಾಳಿ ಬೀಸುವ ದಿಕ್ಕಿಗೆ ಟೆಂಟಿನಿಂದ ಆಚೆ ಇರಲಿ. ಹಗಲು ಬಿಸಿಲೇರಿದಂತೆ ಗಾಳಿ ಕಣಿವೆಯಿಂದ ಬೆಟ್ಟಕ್ಕೆ ಏರುತ್ತದೆ, ರಾತ್ರಿ ತಣ್ಣಗಾದ ಮೇಲೆ ಕೆಳಗಿಳಿಯುತ್ತದೆ. ಮಧ್ಯಾಹ್ನ ನೋಡಿ ಇಟ್ಟ ದಿಕ್ಕು ರಾತ್ರಿ ಊಟದ ಹೊತ್ತಿಗೆ ತಿರುಗಿರಬಹುದು. ಇನ್ನೊಮ್ಮೆ ನೋಡಿ.

ಟೆಂಟ್ ಟೆಂಟಿನ ನಡುವೆ, ಟೆಂಟ್ ಮತ್ತು ಕ್ಯಾರವಾನ್ ನಡುವೆ ಕಡಿಮೆ ಅಂದರೆ 6 ಮೀಟರ್, ಅಂದರೆ 20 ಅಡಿ ಬಿಡಿ. ಸ್ನೇಹಿತರ ಗುಂಪು ಬಂದರೆ ಹತ್ತಿರ ಹತ್ತಿರ ಹಾಕುವ ಆಸೆ ಆಗುತ್ತದೆ. ಈಗಿನ ಟೆಂಟೆಲ್ಲ ಪಾಲಿಯೆಸ್ಟರ್, ನೈಲಾನ್. ಹತ್ತಿಕೊಂಡರೆ ಒಂದು ನಿಮಿಷದಲ್ಲಿ ಮುಗಿಯಬಹುದು. ಉರಿಯುತ್ತಾ ಕರಗಿ ತೊಟ್ಟಿಕ್ಕುತ್ತದೆ, ಆ ಹನಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಟೆಂಟಿನ ಸುತ್ತ ಮೂರು ಅಡಿ ತರಗೆಲೆ ಗುಡಿಸಿ. ಇದಕ್ಕೆ ಐದು ನಿಮಿಷ ಸಾಕು, ತೋಟದವರ ಹತ್ತಿರ ಪೊರಕೆ ಕೇಳಿದರೆ ಕೊಡುತ್ತಾರೆ.

ಹಂತ 3: ಬೆಂಕಿ ಹಾಕುವುದಾದರೆ

ಡಿಸೆಂಬರ್ ಚಳಿಯಲ್ಲಿ, ತೋಟದವರು ಒಪ್ಪಿದ ಜಾಗದಲ್ಲಿ, ಗಾಳಿ ಇಲ್ಲದ ರಾತ್ರಿ ಬೆಂಕಿ ಹಾಕಿದರೆ ತಪ್ಪೇನಿಲ್ಲ. ನನಗೂ ಇಷ್ಟ.

ಮೊದಲ ಕೆಲಸ ನೀರು. ಬೆಂಕಿ ಕಡ್ಡಿ ಗೀರುವ ಮೊದಲೇ ಎರಡು ಬಕೆಟ್ ನೀರು, ಒಂದು ಗುದ್ದಲಿ, ಒಂದು ಬುಟ್ಟಿ ಸಡಿಲ ಮಣ್ಣು ಪಕ್ಕದಲ್ಲಿರಬೇಕು. ಆಮೇಲೆ ತಂದರಾಯಿತು ಅಂದುಕೊಂಡರೆ ಆಮೇಲೆ ಯಾರೂ ತರುವುದಿಲ್ಲ.

ಸುತ್ತ 10 ಅಡಿ ನೆಲ ಗುಡಿಸಿ, ಬರೀ ಮಣ್ಣು ಕಾಣಬೇಕು. ಮೇಲೆ ತಲೆ ಎತ್ತಿ ನೋಡಿ. ಕೊಂಬೆ, ಮೆಣಸಿನ ಬಳ್ಳಿ, ಕರೆಂಟ್ ತಂತಿ ಇದ್ದರೆ ಆ ಜಾಗ ಬೇಡ. ಗುಂಡಿ ಒಂದು ಅಡಿ ಆಳ ತೋಡಿ. ತೋಡುವಾಗ ಬೇರು ಸಿಕ್ಕರೆ, ಹಸಿ ಇರಲಿ ಒಣ ಇರಲಿ, ಆ ಗುಂಡಿ ಮುಚ್ಚಿ ಬೇರೆ ಕಡೆ ತೋಡಿ. ನಮ್ಮ ತೋಟದಲ್ಲಿ ಆದದ್ದು ಈ ಒಂದು ತಪ್ಪಿನಿಂದ. ಗೊಬ್ಬರದ ಗುಂಡಿ, ಕಾಫಿ ಸಿಪ್ಪೆ ರಾಶಿ ಹತ್ತಿರವೂ ಬೇಡ, ಅವು ಒಳಗೊಳಗೇ ದಿನಗಟ್ಟಲೆ ಕನಲುತ್ತವೆ. ನೆಲದಿಂದ ಎತ್ತರಕ್ಕೆ ನಿಲ್ಲುವ, ಕಾಲಿರುವ ಕಬ್ಬಿಣದ ಬಾಣಲೆಯಂಥ ಒಲೆ ಇದ್ದರೆ ಅದೇ ಎಲ್ಲಕ್ಕಿಂತ ಒಳ್ಳೆಯದು.

ಒಲೆಗೆ ಹೊಳೆಯ ಕಲ್ಲು ತರಬೇಡಿ. ಕಾವೇರಿ, ಹಾರಂಗಿ, ಬರಪೊಳೆ ದಡದ ನುಣುಪು ಕಲ್ಲು ನೋಡಲು ಚೆಂದ. ಅದರ ಸಂದಿನಲ್ಲಿ ನೀರು ಇರುತ್ತದೆ. ಕಾದಾಗ ಆ ನೀರು ಆವಿಯಾಗಿ ಕಲ್ಲು ಸಿಡಿಯುತ್ತದೆ, ಚೂರು ಕಣ್ಣಿಗೇ ಬರುತ್ತದೆ. ಹಸಿ ಬಿದಿರೂ ಅಷ್ಟೆ. ಎರಡು ಗಿಣ್ಣಿನ ನಡುವೆ ಸಿಕ್ಕಿಕೊಂಡ ಗಾಳಿ ಕಾದು ಪಟಾಕಿ ಥರ ಸಿಡಿಯುತ್ತದೆ, ಕಿಡಿ ಹತ್ತಾರು ಅಡಿ ಹಾರುತ್ತದೆ. ಬಿದಿರು ಹಾಕಲೇಬೇಕಿದ್ದರೆ ಉದ್ದಕ್ಕೆ ಸೀಳಿ ಹಾಕಿ. ಸೌದೆಗೆ ಕಾಡಿನ ಮರ ಮುಟ್ಟಬೇಡಿ, ತೋಟದವರಿಂದ ಕೇಳಿ ತೆಗೆದುಕೊಳ್ಳಿ. ಹಳೆಯ ಕಾಫಿ ಗಿಡದ ಕೊರಡು ಇದ್ದರೆ ಅದಕ್ಕಿಂತ ಒಳ್ಳೆಯ ಸೌದೆ ಇಲ್ಲ, ನಿಧಾನ ಉರಿದು ಒಳ್ಳೆ ಕೆಂಡ ಕೊಡುತ್ತದೆ. ಗುರುತಿಲ್ಲದ ಮರ ಬೇಡ ಅನ್ನಲು ಇನ್ನೊಂದು ಕಾರಣ ಇದೆ. ಚೇರು ಜಾತಿಯ ಮರದ ಸೊನೆ ತಾಗಿದರೆ ಮೈ ಬೊಕ್ಕೆ ಏಳುತ್ತದೆ, ಅದರ ಹೊಗೆಯೂ ಒಳ್ಳೆಯದಲ್ಲ.

ಪೆಟ್ರೋಲ್, ಡೀಸೆಲ್, ಸ್ಯಾನಿಟೈಸರ್ ಸುರಿದು ಹಚ್ಚುವುದನ್ನು ದಯವಿಟ್ಟು ಮಾಡಬೇಡಿ. ಉರಿ ಕಡಿಮೆಯಾಯಿತು ಅಂತ ಎರಡನೇ ಸಲ ಸುರಿಯುವಾಗಲೇ ಅನಾಹುತ ಆಗುವುದು. ಪೆಟ್ರೋಲಿನ ಆವಿ ಕಣ್ಣಿಗೆ ಕಾಣದೆ ನೆಲದ ಮೇಲೆ ಹರಡಿ, ಕೆಂಡದಿಂದ ಹತ್ತಿ, ಡಬ್ಬಿಯವರೆಗೂ ಓಡಿ ಬರುತ್ತದೆ. ಸೌದೆ ಒದ್ದೆಯಾಗಿದ್ದರೆ ತೆಳ್ಳಗೆ ಸೀಳಿ, ಒಳಗಿನ ಒಣ ಭಾಗ ಹೊರಗೆ ಬರುವ ಹಾಗೆ ಜೋಡಿಸಿ.

ಬೆಂಕಿ ಮೊಣಕಾಲೆತ್ತರ ಮೀರಬಾರದು. ಮಕ್ಕಳಿಗೆ ಮೂರು ಅಡಿ ದೂರದಲ್ಲಿ ನೆಲದ ಮೇಲೆ ಗೆರೆ ಎಳೆದು ತೋರಿಸಿ. ಕುಡಿದವರು ಬೆಂಕಿ ನೋಡಿಕೊಳ್ಳುವುದು ಬೇಡ. ಒಬ್ಬರು ಅವತ್ತು ರಾತ್ರಿ ಕುಡಿಯದೆ ಬೆಂಕಿಗೆ ಹೊಣೆ ಅಂತ ಮೊದಲೇ ಮಾತಾಡಿಕೊಳ್ಳಿ. ಹೊಸ ವರ್ಷದ ರಾತ್ರಿ ಆಕಾಶ ಬುಟ್ಟಿ ಹಚ್ಚಿ ಹಾರಿಬಿಡುವವರಿದ್ದಾರೆ. ಅದು ಎಲ್ಲಿ ಹೋಗಿ ಬೀಳುತ್ತದೆ ಅಂತ ಬಿಟ್ಟವರಿಗೂ ಗೊತ್ತಿರುವುದಿಲ್ಲ. ಕೊಡಗಿನಲ್ಲಿ ಅದು ಬೀಳುವುದು ಯಾರದೋ ತೋಟಕ್ಕೆ, ಇಲ್ಲ ಕಾಡಿಗೆ.

ಆನೆ ಬರದಿರಲಿ ಅಂತ ರಾತ್ರಿಯಿಡೀ ಬೆಂಕಿ ಉರಿಸಿ ಮಲಗುತ್ತೇವೆ ಅನ್ನುವವರು ಪ್ರತಿ ವರ್ಷ ಸಿಗುತ್ತಾರೆ. ಆನೆ ಓಡಾಡುವ ಜಾಗದಲ್ಲಿ ಟೆಂಟ್ ಹಾಕುವುದೇ ತಪ್ಪು. ಕಾಯುವವರಿಲ್ಲದ ಬೆಂಕಿ ಆನೆಗಿಂತ ಹತ್ತಿರದ ಅಪಾಯ.

ಹಂತ 4: ಆರಿಸುವುದು

ಇಲ್ಲಿ ನಿಧಾನವಾಗಿ ಓದಿ. ಮಲಗುವುದಕ್ಕೆ ಒಂದು ಗಂಟೆ ಮೊದಲೇ ಹೊಸ ಸೌದೆ ಹಾಕುವುದು ನಿಲ್ಲಿಸಿ. ದಪ್ಪ ಕೊಳ್ಳಿಗಳು ಉರಿದು ಕೆಂಡವಾಗಲಿ. ಆಮೇಲೆ ನೀರು ಹುಯ್ಯಿರಿ. ಒಂದೇ ಸಲ ಬಕೆಟ್ ಬಗ್ಗಿಸಿದರೆ ಬಿಸಿ ಬೂದಿ, ಆವಿ ಮುಖಕ್ಕೆ ಎದ್ದು ಬರುತ್ತದೆ. ಚೊಂಬಿನಲ್ಲಿ, ಅಂಚಿನಿಂದ ನಡುವಿನ ಕಡೆಗೆ. ಚುಯ್ ಅನ್ನುವ ಸದ್ದು ನಿಲ್ಲುವ ತನಕ ಹುಯ್ಯಿರಿ. ಸದ್ದು ನಿಂತಿತು ಅಂದರೆ ಮುಗಿಯಲಿಲ್ಲ. ಈಗ ಗುದ್ದಲಿ ತೆಗೆದುಕೊಂಡು ಬೂದಿ, ಕೆಂಡ, ಕೆಳಗಿನ ಮಣ್ಣು ಎಲ್ಲವನ್ನೂ ಗಂಜಿ ಕಲಸಿದ ಹಾಗೆ ಕಲಸಿ. ಮತ್ತೆ ಸದ್ದು ಬರುತ್ತದೆ, ಯಾಕೆಂದರೆ ಅಡಿಯ ಕೆಂಡಕ್ಕೆ ನೀರು ಮುಟ್ಟಿರುವುದಿಲ್ಲ. ಮತ್ತೆ ನೀರು. ಅರ್ಧ ಸುಟ್ಟ ಕೊಳ್ಳಿಗಳನ್ನು ತಿರುಗಿಸಿ, ಎಲ್ಲ ಮೈಗೂ ನೀರು ತಾಗಿಸಿ.

ಆಮೇಲೆ ಕೈ. ಮೊದಲು ಅಂಗೈ ಹಿಂಭಾಗವನ್ನು ಬೂದಿಯ ಮೇಲೆ ಒಂದು ಗೇಣು ಎತ್ತರದಲ್ಲಿ ಹಿಡಿಯಿರಿ. ಬಿಸಿ ಗೊತ್ತಾಗದಿದ್ದರೆ ಮೆಲ್ಲಗೆ ಕೆಳಗೆ ತಂದು ಮುಟ್ಟಿ. ಗುಂಡಿಯ ಗೋಡೆ ಮುಟ್ಟಿ. ಹೊರಗಿನ ನೆಲ ಮುಟ್ಟಿ. ಹಸಿ ಕೆಸರಿನ ಹಾಗೆ ತಣ್ಣಗೆ ಇದ್ದರೆ ಸರಿ. ಎಲ್ಲೋ ಒಂದು ಕಡೆ ಉಗುರು ಬೆಚ್ಚಗಿದ್ದರೂ ಅಲ್ಲಿ ತೋಡಿ ನೋಡಿ, ಮತ್ತೆ ನೀರು ಹುಯ್ಯಿರಿ.

ಬರೀ ಮಣ್ಣು ಮುಚ್ಚಿ ಬಿಡಬೇಡಿ. ಎಷ್ಟೋ ಜನ ಮಣ್ಣು ಮುಚ್ಚಿದರೆ ಆರುತ್ತದೆ ಅಂದುಕೊಂಡಿದ್ದಾರೆ. ನಮ್ಮ ಅಜ್ಜಿ ರಾತ್ರಿ ಒಲೆಯ ಕೆಂಡಕ್ಕೆ ಬೂದಿ ಮುಚ್ಚಿ ಮಲಗುತ್ತಿದ್ದರು, ಬೆಳಗ್ಗೆ ಕಾಫಿಗೆ ಬೆಂಕಿ ಉಳಿಯಲಿ ಅಂತ. ಬೂದಿ ಮುಚ್ಚಿದರೆ ಕೆಂಡ ಉಳಿಯುತ್ತದೆ. ಬೆಳಗ್ಗೆ ಎದ್ದ ಮೇಲೆ, ಹೊರಡುವ ಮುನ್ನ, ಇನ್ನೊಮ್ಮೆ ಕೈಯಿಟ್ಟು ನೋಡಿ. ತೋಟದವರನ್ನೂ ಕರೆದು ತೋರಿಸಿ.

ಹಂತ 5: ಗ್ಯಾಸ್ ಸ್ಟೌವ್

ಅಡುಗೆ ಟೆಂಟಿನ ಹೊರಗೆ. ಮಳೆಗಾಲದಲ್ಲೂ ಹೊರಗೆ, ಎರಡು ಬದಿ ತೆರೆದಿರುವ ಟಾರ್ಪಾಲಿನಡಿ.

ಬ್ರೀಫ್‌ಕೇಸ್ ಥರ ಇರುವ ಚಿಕ್ಕ ಸ್ಟೌವ್ ಈಗ ಎಲ್ಲರ ಹತ್ತಿರ ಇದೆ. ಬ್ಯೂಟೇನ್ ಡಬ್ಬಿ ಪಕ್ಕದ ಗೂಡಿನಲ್ಲಿ ಕೂರುತ್ತದೆ. ಕೊಡಗಿಗೆ ಬಂದವರು ಪಂದಿ ಕರಿ (ಹಂದಿ ಮಾಂಸದ ಸಾರು) ಮಾಡೋಣ ಅಂತ ದೊಡ್ಡ ಪಾತ್ರೆ ತಂದು ಅದರ ಮೇಲೆ ಇಡುತ್ತಾರೆ. ಪಾತ್ರೆಯ ಅಂಚು ಡಬ್ಬಿಯ ಗೂಡಿನ ಮೇಲೆ ಬಂದರೆ ಶಾಖ ಕೆಳಗೆ ತಿರುಗಿ ಡಬ್ಬಿ ಕಾಯುತ್ತದೆ, ಸಿಡಿಯುತ್ತದೆ. ಪಾತ್ರೆ ಬರ್ನರ್ ಭಾಗದಿಂದ ಆಚೆ ಹೋಗಬಾರದು. ಎರಡು ಸ್ಟೌವ್ ಪಕ್ಕಪಕ್ಕ ಇಟ್ಟು ಒಂದು ದೊಡ್ಡ ತವಾ ಇಡುವುದು ಇನ್ನೂ ಅಪಾಯ. ಗಾಳಿಗೆ ಮರೆ ಅಂತ ಸುತ್ತ ತಗಡು ಕಟ್ಟಿದರೂ ಇದೇ ಕಥೆ. ಡಬ್ಬಿ ಬದಲಿಸುವಾಗ ಹತ್ತಿರದಲ್ಲಿ ಯಾವ ಉರಿಯೂ ಇರಬಾರದು, ಸಿಗರೇಟು ಕೂಡ. ಖಾಲಿ ಡಬ್ಬಿ ಬೆಂಕಿಗೆ ಎಸೆಯಬೇಡಿ. ತುಂಬಿದ ಡಬ್ಬಿ ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡಬೇಡಿ.

5 ಕೆ.ಜಿ. ಸಿಲಿಂಡರ್ ತರುವುದಾದರೆ ಅಧಿಕೃತ ಏಜೆನ್ಸಿಯಿಂದ ತನ್ನಿ. ದೊಡ್ಡ ಸಿಲಿಂಡರಿನಿಂದ ಚಿಕ್ಕದಕ್ಕೆ ತುಂಬಿಸಿ ಕೊಡುವ ಅಂಗಡಿಗಳ ಸಿಲಿಂಡರ್ ಬೇಡ. ದ್ರವ ಗ್ಯಾಸ್ ಕಾದಾಗ ಹಿಗ್ಗಲು ಮೇಲೆ ಜಾಗ ಬಿಟ್ಟಿರಬೇಕು, ಅಂದಾಜಿಗೆ ತುಂಬಿದ್ದರಲ್ಲಿ ಆ ಜಾಗ ಇರುತ್ತದೆ ಅಂತ ಹೇಳುವಂತಿಲ್ಲ. ಸಿಲಿಂಡರಿನ ಕುತ್ತಿಗೆ ಪಟ್ಟಿಯ ಮೇಲೆ ಒಂದು ಅಕ್ಷರ, ಎರಡು ಅಂಕಿ ಬರೆದಿರುತ್ತದೆ. ಎ ಅಂದರೆ ಜನವರಿಯಿಂದ ಮಾರ್ಚ್, ಬಿ ಏಪ್ರಿಲ್‌ನಿಂದ ಜೂನ್, ಸಿ ಜುಲೈನಿಂದ ಸೆಪ್ಟೆಂಬರ್, ಡಿ ಅಕ್ಟೋಬರ್‌ನಿಂದ ಡಿಸೆಂಬರ್. ಅಂಕಿ ಇಸವಿ. ಅಷ್ಟರೊಳಗೆ ಅದನ್ನು ಮತ್ತೆ ಪರೀಕ್ಷೆ ಮಾಡಿಸಬೇಕು. ದಿನ ಮುಗಿದಿದ್ದರೆ ವಾಪಸ್ ಕೊಡಿ. ಪೈಪ್, ರೆಗ್ಯುಲೇಟರ್ ಜೋಡಿಸಿದ ಮೇಲೆ ಸೋಪಿನ ನೀರು ಸವರಿ ನೋಡಿ, ಗುಳ್ಳೆ ಬಂದರೆ ಸೋರುತ್ತಿದೆ. ಬೆಂಕಿ ಕಡ್ಡಿ ಹಿಡಿದು ಪರೀಕ್ಷೆ ಮಾಡುವುದು ಬೇಡವೇ ಬೇಡ. ಗ್ಯಾಸ್ ಗಾಳಿಗಿಂತ ಭಾರ. ಸೋರಿದರೆ ನೀರಿನ ಹಾಗೆ ತಗ್ಗಿಗೆ ಹರಿದು ನಿಲ್ಲುತ್ತದೆ. ಇಳಿಜಾರಿನ ಕೆಳಗೆ ಇನ್ನೊಬ್ಬರ ಬೆಂಕಿ ಇದೆಯಾ ನೋಡಿಕೊಳ್ಳಿ. ಸೋರಿಕೆಗೆ ಸಹಾಯವಾಣಿ 1906.

ಹಂತ 6: ಟೆಂಟಿನೊಳಗೆ ಕೆಂಡ ತರಬೇಡಿ

ಈ ಮಾರ್ಗದರ್ಶಿಯಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುತ್ತೇನೆ ಅಂದರೆ ಇದನ್ನು ಇಟ್ಟುಕೊಳ್ಳಿ. ಡಿಸೆಂಬರ್, ಜನವರಿ ರಾತ್ರಿ ಮಡಿಕೇರಿ ಸುತ್ತ ಚಳಿ ಮೂಳೆಗೆ ಇಳಿಯುತ್ತದೆ. ಉರಿ ಆರಿತು, ಹೊಗೆ ಇಲ್ಲ, ಬರೀ ಕೆಂಡ ಅಲ್ವಾ ಅಂತ ಬಾಣಲೆಯಲ್ಲಿ ಹಾಕಿಕೊಂಡು ಟೆಂಟಿನೊಳಗೆ ಇಟ್ಟು, ಜಿಪ್ ಎಳೆದು ಮಲಗುತ್ತಾರೆ. ಹೊಗೆ ಇಲ್ಲದ ಕೆಂಡದಿಂದಲೂ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗದಲ್ಲಿ ಅದು ಕೂತುಬಿಡುತ್ತದೆ. ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ. ಜಿಪ್ ಸ್ವಲ್ಪ ತೆರೆದಿದ್ದರೂ ಸಾಕಾಗುವುದಿಲ್ಲ. ಬಾರ್ಬೆಕ್ಯೂ ತಟ್ಟೆ, ಗ್ಯಾಸ್ ಹೀಟರ್, ಜನರೇಟರ್ ಎಲ್ಲಕ್ಕೂ ಇದೇ ಮಾತು.

ಎಚ್ಚರ ಇದ್ದಾಗ ತಲೆನೋವು, ವಾಕರಿಕೆ, ತಲೆಸುತ್ತು ಒಟ್ಟಿಗೆ ಇಬ್ಬರು ಮೂವರಿಗೆ ಬಂದರೆ ಊಟದ್ದೋ ಕುಡಿತದ್ದೋ ಅಂದುಕೊಳ್ಳಬೇಡಿ. ಎಲ್ಲರನ್ನೂ ಹೊರಗೆ ಎಳೆದು ತನ್ನಿ, 108ಕ್ಕೆ ಫೋನ್ ಮಾಡಿ. ಚಳಿಗೆ ಬಿಸಿನೀರಿನ ರಬ್ಬರ್ ಚೀಲ, ನೆಲಕ್ಕೆ ದಪ್ಪ ಚಾಪೆ, ಉಣ್ಣೆಯ ಕಂಬಳಿ ತನ್ನಿ.

ಸೊಳ್ಳೆ ಬತ್ತಿ, ಮೇಣದ ಬತ್ತಿ, ಧೂಪ ಟೆಂಟಿನೊಳಗೆ ಬೇಡ. ಮೊಬೈಲ್, ಪವರ್ ಬ್ಯಾಂಕ್ ಹಾಸಿಗೆಯಡಿ ಇಟ್ಟು ಚಾರ್ಜ್ ಮಾಡಬೇಡಿ.

ಹಂತ 7: ಕ್ಯಾರವಾನ್, ಕ್ಯಾಂಪರ್ ವ್ಯಾನ್ ತರುವವರಿಗೆ

ಬಾಡಿಗೆ ವ್ಯಾನ್ ಕೈಗೆ ಬಂದಾಗ ಮಂಚ, ಫ್ರಿಡ್ಜ್ ನೋಡುವ ಮೊದಲು ನಾಲ್ಕು ವಸ್ತು ಕೇಳಿ: ಬಾಗಿಲ ಹತ್ತಿರ ಬೆಂಕಿ ಆರಿಸುವ ಸಿಲಿಂಡರ್ ಇದೆಯಾ, ಅದರ ಮುಳ್ಳು ಹಸಿರಿನಲ್ಲಿದೆಯಾ? ಹೊಗೆ ಅಲಾರಂ ಇದೆಯಾ? ಕಾರ್ಬನ್ ಮೊನಾಕ್ಸೈಡ್ ಅಲಾರಂ ಇದೆಯಾ? ಗ್ಯಾಸ್ ಬಂದ್ ಮಾಡುವ ವಾಲ್ವ್ ಎಲ್ಲಿದೆ? ಗುಂಡಿ ಒತ್ತಿ ಅಲಾರಂ ಕೂಗಿಸಿ ನೋಡಿ. ಬಾಗಿಲು ಬಿಟ್ಟು ಹೊರಬರುವ ಎರಡನೇ ದಾರಿ, ಕಿಟಕಿಯೋ ಹಿಂಬಾಗಿಲೋ, ಮಕ್ಕಳ ಕೈಯಲ್ಲೂ ಒಮ್ಮೆ ತೆರೆಸಿ. ನೆಲದಲ್ಲಿ ಗಾಳಿ ಕಿಂಡಿ ಇರುತ್ತದೆ, ಸೋರಿದ ಗ್ಯಾಸ್ ಹೊರಹೋಗಲು. ಚಳಿ ಬರುತ್ತದೆ ಅಂತ ಅದಕ್ಕೆ ಬಟ್ಟೆ ತುರುಕಬೇಡಿ.

ಓಡುವಾಗ ಗ್ಯಾಸ್ ಬಂದ್. ಸಂಪಾಜೆ ಘಾಟಿ, ಮಾಕುಟ್ಟ ಘಾಟಿ ಇಳಿಯುವಾಗ ಬ್ರೇಕ್ ಒತ್ತಿಕೊಂಡೇ ಇಳಿಯಬೇಡಿ, ಕಡಿಮೆ ಗೇರಿನಲ್ಲಿ ಇಳಿಯಿರಿ. ಭಾರದ ಗಾಡಿಯ ಬ್ರೇಕ್ ಕಾದು ಹೊಗೆ ಬರುತ್ತದೆ, ಚಕ್ರಕ್ಕೆ ಬೆಂಕಿಯೂ ಹತ್ತಬಹುದು. ಇಳಿದ ಮೇಲೆ ಅಥವಾ ತೋಟಕ್ಕೆ ಬಂದ ಮೇಲೆ ಒಣ ಹುಲ್ಲಿನ ಮೇಲೆ, ಓಕ್ ಎಲೆಯ ಮೇಲೆ ನಿಲ್ಲಿಸಬೇಡಿ. ಸೈಲೆನ್ಸರ್ ಬಿಸಿ ಸಾಕು ತರಗೆಲೆ ಹತ್ತಿಸಲು. ಗಾಡಿಯ ಮುಖವನ್ನು ರಸ್ತೆಯ ಕಡೆಗೆ ತಿರುಗಿಸಿಯೇ ನಿಲ್ಲಿಸಿ.

ಕರೆಂಟ್ ಎಳೆಯುವಾಗ ಸುರುಳಿ ಸುತ್ತಿದ ವೈರ್ ಪೂರ್ತಿ ಬಿಚ್ಚಿ ಹಾಕಿ. ಸುತ್ತಿದ್ದರೆ ಒಳಗೇ ಕಾಯುತ್ತದೆ. ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಬೇಡಿ, ಗ್ಯಾಸ್ ನಿಲ್ಲಿಸಿ, ಮುಚ್ಚಳ ಮುಚ್ಚಿ, ತಣ್ಣಗಾಗುವ ತನಕ ತೆರೆಯಬೇಡಿ.

ಹಂತ 8: ಬೆಂಕಿ ಕೈಮೀರಿದರೆ

ಟೆಂಟಿಗೋ ವ್ಯಾನಿಗೋ ಹತ್ತಿದರೆ ಜನ ಹೊರಗೆ ಬರಲಿ, ಸಾಮಾನು ಅಲ್ಲೇ ಇರಲಿ. ಬೆಂಕಿ ಆರಿಸುವ 2 ಕೆ.ಜಿ. ಪುಡಿಯ ಸಿಲಿಂಡರ್ ಹತ್ತು ಸೆಕೆಂಡ್ ಬಂದರೆ ಹೆಚ್ಚು. ಆರೇಳು ಅಡಿ ದೂರ ನಿಂತು, ಪಿನ್ ಎಳೆದು, ಜ್ವಾಲೆಯ ಬುಡಕ್ಕೆ ಗುರಿಯಿಟ್ಟು, ಹಿಡಿಕೆ ಒತ್ತಿ ಆಚೀಚೆ ಆಡಿಸಿ. ಹಿಂದೆ ಓಡಲು ದಾರಿ ಇರಲಿ.

ನೆಲದ ಬೆಂಕಿ ಮೊಣಕಾಲೆತ್ತರದೊಳಗಿದ್ದರೆ ಹಸಿ ಸೊಪ್ಪಿನಿಂದ, ಒದ್ದೆ ಗೋಣಿಯಿಂದ ಬಡಿಯಬಹುದು. ಎತ್ತಿ ಎತ್ತಿ ಬಡಿದರೆ ಕಿಡಿ ಹಾರುತ್ತದೆ, ಒತ್ತಿ ಉಜ್ಜಿದ ಹಾಗೆ ಬಡಿಯಿರಿ. ಸುಟ್ಟ ಕಡೆ ನಿಂತು, ಬೆಂಕಿಯ ಹಿಂದಿನಿಂದ, ಬದಿಯಿಂದ ಕೆಲಸ ಮಾಡಿ. ಅದಕ್ಕಿಂತ ಎತ್ತರ ಎದ್ದರೆ ಬಿಟ್ಟು ಓಡಿ. ಬೆಟ್ಟದ ಮೇಲಕ್ಕೆ ಓಡಬೇಡಿ. ಬದಿಗೆ, ಕೆಳಗೆ, ಗದ್ದೆ, ಹೊಳೆ, ಡಾಂಬರು ರಸ್ತೆಯ ಕಡೆಗೆ.

ತುರ್ತಿಗೆ 112, ಅಗ್ನಿಶಾಮಕಕ್ಕೆ 101, ಕಾಡಿನ ಬೆಂಕಿಗೆ ಅರಣ್ಯ ಸಹಾಯವಾಣಿ 1926. ತೋಟದ ದಾರಿ ಕಿರಿದು, ಪಟ್ಟಣದಿಂದ ಅಗ್ನಿಶಾಮಕ ಗಾಡಿ ಬರಲು ಹೊತ್ತಾಗುತ್ತದೆ. ಮೊಬೈಲ್ ಸಿಗ್ನಲ್ ಎಲ್ಲಿ ಸಿಗುತ್ತದೆ ಅಂತ ಬಂದ ದಿನವೇ ಹುಡುಕಿಟ್ಟುಕೊಳ್ಳಿ. ಊರು, ತೋಟದ ಹೆಸರು, ಮುಖ್ಯ ರಸ್ತೆಯ ತಿರುವಿನ ಗುರುತು ಒಂದು ಚೀಟಿಯಲ್ಲಿ ಬರೆದಿಡಿ. ಗಾಬರಿಯಲ್ಲಿ ಯಾರಿಗೂ ನೆನಪಾಗುವುದಿಲ್ಲ. ಒಬ್ಬರು ಆ ತಿರುವಿಗೆ ಹೋಗಿ ಟಾರ್ಚ್ ಹಿಡಿದು ನಿಲ್ಲಲಿ.

ಹಂತ 9: ಸುಟ್ಟ ಗಾಯಕ್ಕೆ

ಬಟ್ಟೆಗೆ ಬೆಂಕಿ ಹತ್ತಿದವರು ಓಡಬಾರದು, ನೆಲದ ಮೇಲೆ ಉರುಳಬೇಕು. ಉಣ್ಣೆ ಕಂಬಳಿ ಸುತ್ತಿ. ನೈಲಾನ್ ಹೊದಿಕೆ ಬೇಡ, ಅದೇ ಹತ್ತಿಕೊಳ್ಳುತ್ತದೆ. ಗಾಯಕ್ಕೆ 20 ನಿಮಿಷ ಹರಿಯುವ ತಣ್ಣೀರು. ಎರಡು ನಿಮಿಷಕ್ಕೆ ಉರಿ ಕಡಿಮೆಯಾದರೂ ನಿಲ್ಲಿಸಬೇಡಿ. ಐಸ್, ಟೂತ್‌ಪೇಸ್ಟ್, ಶಾಯಿ, ಎಣ್ಣೆ ಏನೂ ಬೇಡ. ಊತ ಬರುವ ಮೊದಲೇ ಉಂಗುರ, ಬಳೆ, ವಾಚ್ ತೆಗೆಯಿರಿ. ಚರ್ಮಕ್ಕೆ ಅಂಟಿದ ಬಟ್ಟೆಯನ್ನು ಎಳೆಯಬೇಡಿ, ಸುತ್ತ ಕತ್ತರಿಸಿ ಬಿಡಿ. ಗುಳ್ಳೆ ಒಡೆಯಬೇಡಿ. ಸ್ವಚ್ಛ ಹತ್ತಿ ಬಟ್ಟೆ ಸಡಿಲವಾಗಿ ಮುಚ್ಚಿ. ಗಾಯ ಅವರ ಅಂಗೈಗಿಂತ ದೊಡ್ಡದಿದ್ದರೆ, ಮುಖ, ಕೈ, ಗುಪ್ತಾಂಗಕ್ಕೆ ತಾಗಿದ್ದರೆ, ಮಕ್ಕಳು, ವಯಸ್ಸಾದವರಾದರೆ, ಹೊಗೆ ಕುಡಿದು ದನಿ ಒಡೆದಿದ್ದರೆ ಕಾಯಬೇಡಿ. 108ಕ್ಕೆ ಫೋನ್ ಮಾಡಿ, ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮಡಿಕೇರಿಯಲ್ಲಿ ಜಿಲ್ಲಾ ಆಸ್ಪತ್ರೆ ಇದೆ. ದಾರಿಯಲ್ಲಿ ಗಾಯ ತಣ್ಣಗಿಡಿ, ಉಳಿದ ಮೈಗೆ ಕಂಬಳಿ ಹೊದಿಸಿ. ಬೆಟ್ಟದ ಚಳಿಗೆ ಸುಟ್ಟವರು ಬೇಗ ನಡುಗುತ್ತಾರೆ.